ಮಾಚನೋ ಮಾವನೋ

ಶಾಸನ ಬರೆಸಿದವರು ಬಹಳ ಮುಂದಾಲೋಚನೆಯ ಜನ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಲಿ ಎಂದರು. ಧರ್ಮಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಬರಲಿ ಎಂದರು. ಮಾತು ನಾಟದ ಮೊಂಡರಿಗಾಗಿ ಕೆಲವು ಕಡೆ ಕಲ್ಲಿನ ಮೇಲೆ ಕತ್ತೆಯ ಚಿತ್ರವನ್ನೂ ಕಡೆಸಿದರು. ಅದರ ವಿವರ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬೇಡ. ಇಷ್ಟೆಲ್ಲ ಯೋಚಿಸಿದ ಹಿರಿಯರು ಒಂದನ್ನು ಮಾತ್ರ ಮರೆತರು. ಕಲ್ಲನ್ನು ತಪ್ಪಾಗಿ ಓದುವವನಿಗೆ ಯಾವ ಶಾಪವೂ ಇಲ್ಲ. ನಾನೂ ನನ್ನ ವೃತ್ತಿಬಾಂಧವರೂ ಇನ್ನೂ ಮನುಷ್ಯಜನ್ಮದಲ್ಲೇ ಇರುವುದು ಆ ಮರೆವಿನ ಕೃಪೆಯಿಂದ.

ನಾನು ಹಳೆಗಲ್ಲು ಓದಿ ಹೊಟ್ಟೆ ಹೊರೆದವನು. ಗೌರವವಾಗಿ ಹೇಳುವುದಾದರೆ ಶಾಸನ ತಜ್ಞ. ಈ ಪದ ಕೇಳಿದವರಲ್ಲಿ ಅರ್ಧ ಜನ ನನ್ನನ್ನು ಶಾಸಕರ ಕಡೆಯವನೆಂದು ತಿಳಿದು ನಿವೇಶನದ ಅರ್ಜಿ ಕೈಗಿಡುತ್ತಾರೆ. ಉಳಿದರ್ಧ ಜನ ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ಎಲ್ಲಾದ್ರೂ ನಿಧಿ ಸಿಕ್ಕಿತಾ ಸಾರ್?’ ಎನ್ನುತ್ತಾರೆ. ಮೂವತ್ತು ವರ್ಷ ಬ್ರಷ್ಷು, ಬಕೆಟ್ಟು, ಕಾಗದ, ಮಸಿ ಹೊತ್ತು ಊರೂರು ಅಲೆದಿದ್ದೇನೆ. ಕಲ್ಲು ತಿಕ್ಕಿ, ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದಿದ್ದೇನೆ. ಸಿಕ್ಕ ನಿಧಿಯೆಂದರೆ ಸೊಂಟನೋವು.

ಮೊನ್ನೆ ಒಂದು ಮದುವೆ ಊಟ. ಪಕ್ಕದ ಎಲೆಯವರು ನಮ್ಮ ಷಡ್ಡಕರ ಅಣ್ಣ, ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೋಸಂಬರಿ ಬಡಿಸುವಾಗಲೇ ಶುರು ಮಾಡಿದರು. ‘ನೋಡಿ, ಪ್ರಪಂಚದಲ್ಲಿ ನೂರಕ್ಕೆ 99.99 ಭಾಗ ವೈಜ್ಞಾನಿಕವಾದ ಭಾಷೆ ನಮ್ಮದೊಂದೇ ಅಂತೆ.’ ತೂಗಿದ ತಕ್ಕಡಿ ಯಾವುದೆಂದು ನಾನು ಕೇಳಲಿಲ್ಲ. ಹಪ್ಪಳ ಬರುವ ಹೊತ್ತು. ಮಿಕ್ಕ 0.01 ಭಾಗ ನನ್ನಂಥವರೇ ಇರಬೇಕು ಎಂದುಕೊಂಡು ಸುಮ್ಮನಾದೆ. ಪಲ್ಯಕ್ಕೆ ಬಂದಾಗ ಇನ್ನೊಂದು ಬಿತ್ತು. ‘ಪರದೇಶದವನೊಬ್ಬ ಬಂದು ನಿಘಂಟು ಬರೆದದ್ದು ಇಡೀ ಭಾರತದಲ್ಲಿ ಕನ್ನಡಕ್ಕೆ ಮಾತ್ರ ಅಂತೆ. ಕಿಟೆಲ್!’

ಇಲ್ಲಿ ನನ್ನ ವೃತ್ತಿರೋಗ ಕೆರಳಿತು. ಎಲೆಯ ಮೇಲೆ ಕೈ ಹಾಗೇ ನಿಲ್ಲಿಸಿ ವಿವರಿಸಿದೆ. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕಿಂತ ಅರವತ್ತು ವರ್ಷ ಮೊದಲೇ, 1832ರಲ್ಲಿ, ವಿಲಿಯಂ ರೀವ್ ಎಂಬ ಇನ್ನೊಬ್ಬ ಪಾದ್ರಿ ಕನ್ನಡ–ಇಂಗ್ಲಿಷ್ ನಿಘಂಟು ತಂದಿದ್ದ. ಮರಾಠಿಗೆ ಮೋಲ್ಸ್‌ವರ್ತ್ 1831ರಲ್ಲೇ ಮಾಡಿದ್ದ. ತಮಿಳಿಗೆ ವಿನ್ಸ್ಲೋ, ತೆಲುಗಿಗೆ ಬ್ರೌನ್. ಮಲಯಾಳಕ್ಕೆ 1872ರಲ್ಲಿ ಹರ್ಮನ್ ಗುಂಡರ್ಟ್, ಅವನೂ ಕಿಟೆಲ್‌ನಂತೆ ಬಾಸೆಲ್ ಮಿಷನ್ನಿನವನೇ. ಆ ಶತಮಾನದಲ್ಲಿ ಇಲ್ಲಿಗೆ ಬಂದ ಪಾದ್ರಿಗಳಿಗೂ ದೊರೆಗಳಿಗೂ ನಿಘಂಟು ಬರೆಯುವುದು ಮಲೇರಿಯಾದ ಹಾಗೆ ಅಂಟುತ್ತಿತ್ತು. ಕಿಟೆಲ್‌ನ ಹೆಚ್ಚಳ ಅವನು ಹೊರಗಿನವನು ಎಂಬುದರಲ್ಲಿಲ್ಲ. ಪದಕ್ಕೆ ಅರ್ಥ ಕೊಟ್ಟು ಕೈತೊಳೆದುಕೊಳ್ಳದೆ ಹಳೆಯ ಕಾವ್ಯಗಳಿಂದಲೂ ಗಾದೆಗಳಿಂದಲೂ ಸಾಕ್ಷಿ ಎತ್ತಿ ಎತ್ತಿ ಇಟ್ಟನಲ್ಲ, ಅದರಲ್ಲಿದೆ.

‘ಅಂದ್ರೆ ಕಿಟೆಲ್ ಏನೂ ಮಾಡ್ಲಿಲ್ಲ ಅಂತೀರಿ’ ಎಂದರು ಮ್ಯಾನೇಜರು. ಎದುರು ಸಾಲಿನವರು ನನ್ನನ್ನು ಕನ್ನಡದ ಸಾಲ ಕಟ್ಟದವನನ್ನು ನೋಡುವಂತೆ ನೋಡಿದರು. ವಾತಾವರಣ ತಿಳಿಮಾಡೋಣವೆಂದು ನಾನೇ ಒಂದು ಸ್ವಾರಸ್ಯ ಸೇರಿಸಿದೆ: ಈ ಗುಂಡರ್ಟ್ ಇದ್ದಾನಲ್ಲ, ‘ಸಿದ್ಧಾರ್ಥ’ ಬರೆದು ಮುಂದೆ ನೊಬೆಲ್ ಪಡೆದ ಹರ್ಮನ್ ಹೆಸ್ಸೆಗೆ ತಾಯಿಯ ಕಡೆಯಿಂದ ತಾತ. ಎಲ್ಲರಿಗೂ ಖುಷಿಯಾಯಿತು. ಹೋಳಿಗೆ ಎರಡು ಹೆಚ್ಚು ಬಿತ್ತು.

ಒಂದು ವಾರ ಕಳೆದು ನನ್ನ ಫೋನಿಗೆ ಸಂದೇಶ ಬಂತು. ‘ನಿಮಗೆ ಗೊತ್ತೇ? ನೊಬೆಲ್ ಪ್ರಶಸ್ತಿ ವಿಜೇತರ ತಾತನೇ ಬಂದು ನಿಘಂಟು ಬರೆದ ಜಗತ್ತಿನ ಏಕೈಕ ಭಾಷೆ ಕನ್ನಡ!’ ಕೆಳಗೆ ಹಳದಿ ಕೆಂಪು ಬಾವುಟ, ಕೈಮುಗಿದ ಚಿತ್ರ. ಅದರ ಕೆಳಗೆ: ‘ಮಾಹಿತಿ: ಹಿರಿಯ ಶಾಸನ ತಜ್ಞರು.’

ಅಂದಿನಿಂದ ನಾನು ಮದುವೆ ಊಟದಲ್ಲಿ ಬಾಯಿಯನ್ನು ಊಟಕ್ಕೆ ಮಾತ್ರ ತೆರೆಯುತ್ತೇನೆ.

ಬೆಂಗಳೂರಿನ ಕಥೆಯಂತೂ ಇನ್ನೂ ಕರುಣಾಜನಕ. ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ ಒಂದು ಕಲ್ಲಿದೆ. ಒಂಬತ್ತನೆಯ ಶತಮಾನ ಮುಗಿಯುವ ಹೊತ್ತಿನದು. ನಾಗತ್ತರನೆಂಬ ನಾಯಕನ ಕಡೆಯವನೊಬ್ಬ ‘ಬೆಂಗಳೂರ’ ಕಾಳಗದಲ್ಲಿ ಸತ್ತ ಸುದ್ದಿ ಅದರಲ್ಲಿದೆ. ಬಲ್ಲಾಳ ಪಟ್ಟಕ್ಕೆ ಬಂದದ್ದು ಅದಾದ ಮೇಲೆ ಹೆಚ್ಚುಕಡಿಮೆ ಮುನ್ನೂರು ವರ್ಷಕ್ಕೆ. ಅಂದರೆ ಅರಸನಿಗೆ ಹಸಿವಾಗುವ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಇದನ್ನು ಒಂದು ಶಾಲೆಯಲ್ಲಿ ಹೇಳಿದಾಗ ಆರನೇ ತರಗತಿಯ ಹುಡುಗಿ ಎದ್ದು ನಿಂತು, ‘ಹಾಗಾದ್ರೆ ಅಜ್ಜಿ ಏನು ಮಾಡ್ತಿದ್ರು ಸಾರ್?’ ಎಂದಳು. ಅವಳ ಕಣ್ಣಲ್ಲಿ ನೀರು. ಒಂದು ಕಡೆ ಹಬೆಯಾಡುವ ಕಾಳು, ಅಜ್ಜಿ, ಹಸಿದ ರಾಜ. ಇನ್ನೊಂದು ಕಡೆ ಹೆಸರು ಕೂಡ ನೆನಪಿಟ್ಟುಕೊಳ್ಳಲಾಗದ ಒಬ್ಬ ಸತ್ತವನು. ನನ್ನ ಕಡೆಗೆ ಒಂದು ವೋಟೂ ಬೀಳಲಿಲ್ಲ. ಮೇಷ್ಟ್ರು ನನ್ನನ್ನು ಬಾಗಿಲವರೆಗೆ ಬಿಡಲು ಬಂದು, ‘ಪರೀಕ್ಷೆಯಲ್ಲಿ ಮಾತ್ರ ಮಕ್ಕಳು ಕಾಳು ಅಂತಲೇ ಬರೀಲಿ ಬಿಡಿ’ ಎಂದರು.

ಇನ್ನು ಕನ್ನಡದ ವಯಸ್ಸು. ಹಲ್ಮಿಡಿಯ ಕಲ್ಲನ್ನು ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರಲ್ಲಿ ಕಾಲ ನಮೂದಾಗಿಲ್ಲ. ಅಕ್ಷರದ ಬಾಗು ಬಳುಕು ನೋಡಿ ಸುಮಾರು 450 ಎಂದು ನಿಗದಿ ಮಾಡಿದ್ದಾರೆ; ಇನ್ನೂ ಈಚಿನದೆನ್ನುವವರೂ ಇದ್ದಾರೆ. ತಾಳಗುಂದದ ಸಿಂಹಕಟಾಂಜನ ಶಾಸನ ಬಂದ ಮೇಲೆ ಅದೇ ಹಳೆಯದು, 370 ಎಂಬ ವಾದವೂ ಇದೆ. ಈ ‘ಸುಮಾರು’ ಎಂಬ ಪದ ನಮ್ಮ ಕಸುಬಿನ ಬೆನ್ನೆಲುಬು. ಜನಕ್ಕೆ ಅದು ಬೇಡ. ಪ್ರತಿ ನವೆಂಬರಿಗೆ ಭಾಷೆಗೆ ನೂರು ವರ್ಷ ಹೆಚ್ಚುತ್ತ ಹೋಗಿ ಈಗ ಎರಡೂವರೆ ಸಾವಿರ ದಾಟಿದೆ. ಮನುಷ್ಯರು ವಯಸ್ಸು ಇಳಿಸಿ ಹೇಳುತ್ತಾರೆ, ಭಾಷಾಭಿಮಾನಿಗಳು ಏರಿಸಿ ಹೇಳುತ್ತಾರೆ. ವೇದಿಕೆಯ ಮೇಲೆ ಭಾಷಣಕಾರರು ಹೀಗೆ ಹೇಳುವಾಗ ಪಕ್ಕದಲ್ಲೇ ಹಾರ ಹಾಕಿಸಿಕೊಂಡು ಕೂತ ನಾನು ಶಾಲು ಸರಿಮಾಡಿಕೊಳ್ಳುತ್ತೇನೆ. ಶಾಲು ವಾಪಸ್ಸು ಕೇಳಿಬಿಟ್ಟರೆ ಎಂಬ ಭಯ.

ಸುಳ್ಳು ಹೊಸದು ಎಂದು ಕೊರಗುವವರಿಗೆ ಒಂದು ಸಮಾಧಾನ ಹೇಳಬೇಕು. ಈ ನಾಡಿನಲ್ಲಿ ಸುಳ್ಳನ್ನು ತಾಮ್ರದ ಮೇಲೆ ಕೊರೆಸುತ್ತಿದ್ದರು. ಅದಕ್ಕೆ ಕೂಟಶಾಸನ ಎಂದು ಹೆಸರೇ ಇದೆ. ಅಂಥದ್ದನ್ನು ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ವಿಧಿಸುತ್ತದೆ, ಎಂದರೆ ಆಗಲೂ ಧಾರಾಳವಾಗಿ ಮಾಡುತ್ತಿದ್ದರು ಎಂದಾಯಿತು. ಶಿವಮೊಗ್ಗದ ಕಡೆ ಜನಮೇಜಯ ಚಕ್ರವರ್ತಿ ಸರ್ಪಯಾಗದ ಸಂದರ್ಭದಲ್ಲಿ ಅಗ್ರಹಾರ ಕೊಟ್ಟನೆಂದು ಸಾರುವ ತಾಮ್ರಪಟಗಳಿವೆ. ದಾನಿ ಪರೀಕ್ಷಿತನ ಮಗ, ಅಕ್ಷರ ಮಾತ್ರ ಮಧ್ಯಯುಗದ್ದು. ಯಾರಿಗೋ ಗದ್ದೆಯ ತಕರಾರು ಇತ್ತು; ಗಡಿ ಕಲ್ಲಿಗೆ ಸಾಕ್ಷಿಯಾಗಿ ಪಾಂಡವರ ಮೊಮ್ಮಗನ ಮಗನನ್ನೇ ಕರೆಸಿದರು. ಇವತ್ತಿನವರಿಗೆ ಹೋಲಿಸಿದರೆ ಅವರಲ್ಲಿ ಶ್ರದ್ಧೆಯಿತ್ತು. ತಾಮ್ರಕ್ಕೆ ದುಡ್ಡು, ಕಂಚುಗಾರನಿಗೆ ಕೂಲಿ, ಛಂದಸ್ಸು ಬಲ್ಲ ಪಂಡಿತನಿಗೆ ದಕ್ಷಿಣೆ. ಇಂದು ಹೆಬ್ಬೆರಳು ಸಾಕು.

ನಮ್ಮ ಹಿರಿಯರು ಆ ತಾಮ್ರಪಟಗಳನ್ನು ಎದುರಿಸಿದ ರೀತಿಯನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆ. ಒಂದು ಕಡೆ ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿಯ ಮಗ. ಮೈಸೂರು ಸಂಸ್ಥಾನ, ಕೊಡಗು ಸುತ್ತಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ 8,869 ಶಾಸನ ಕೂಡಿಹಾಕಿದವರು. ಇನ್ನೊಂದು ಕಡೆ ಜೆ.ಎಫ್. ಫ್ಲೀಟ್. ಮುಂಬಯಿ ಪ್ರಾಂತದ ಅಧಿಕಾರಿ, ಬಾದಾಮಿಯ ಶಾಸನದ ಕಪ್ಪೆ ಅರಭಟ್ಟನನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದವರು, ತಿಥಿ ವಾರಗಳ ಲೆಕ್ಕದಲ್ಲಿ ಯಮ. ಮಡಿಕೇರಿಯ ತಾಮ್ರಪಟವೂ ಸೇರಿ ಗಂಗರ ಹಳೆಯ ಪಟಗಳೆಲ್ಲ ನಕಲಿ ಎಂದು ಫ್ಲೀಟ್ ಸಾರಿದರು. ರೈಸ್ ಸುತರಾಂ ಒಪ್ಪಲಿಲ್ಲ. ಒಬ್ಬರು ಒಂದು ಪಟವನ್ನು ಪ್ರಕಟಿಸುವುದು, ಇನ್ನೊಬ್ಬರು ಅದನ್ನು ಕೂಟ ಎನ್ನುವುದು, ಮೊದಲನೆಯವರು ಪೀಠಿಕೆಯಲ್ಲಿ ತಿರುಗಿ ಬೀಳುವುದು. ಹೀಗೆ ವರ್ಷಾನುಗಟ್ಟಲೆ ನಡೆಯಿತು. ಇಬ್ಬರೂ ಅರ್ಧರ್ಧ ಸರಿ ಎಂದು ಈಗ ಹೇಳಬಹುದು: ಪಟಗಳಲ್ಲಿ ಹಲವು ಕೂಟವೇ, ಗಂಗರು ಮಾತ್ರ ನಿಜ. ಆದರೆ ನನಗೆ ಮೆಚ್ಚುಗೆಯಾಗುವುದು ಆ ಜಗಳದ ದಣಿಯದ ಹುರುಪು. ನಮಗೆ ಅವರ ವಿದ್ವತ್ತು ಪಿತ್ರಾರ್ಜಿತವಾಗಿ ಬರಲಿಲ್ಲ. ಹುರುಪು ಬಂದಿದೆ.

ನನ್ನ ಪಾಲಿನ ಫ್ಲೀಟ್ ಯಾರೆಂದು ಹೆಸರು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅವರನ್ನು ‘ಪ್ರಪ್ರಥಮರು’ ಎನ್ನುತ್ತೇವೆ. ಅವರು ಇದುವರೆಗೆ ಎರಡನೆಯದಾಗಿ ಏನನ್ನೂ ಕಂಡುಹಿಡಿದಿಲ್ಲ. ‘ನಾಡಿನ ಇತಿಹಾಸದಲ್ಲಿ ಪ್ರಪ್ರಥಮ ಬಾರಿಗೆ ಅಪ್ರಕಟಿತ ಶಾಸನ ಪತ್ತೆ’ ಎಂದು ಜಿಲ್ಲಾ ಪುಟದಲ್ಲಿ ಸುದ್ದಿ ಬಂದರೆ ಪಕ್ಕದ ಚಿತ್ರ ನೋಡುವ ಅಗತ್ಯವೇ ಇಲ್ಲ. ಕಲ್ಲಿನ ಮೇಲೆ ಕೈಯಿಟ್ಟು, ದೂರದ ದಿಗಂತವನ್ನು ದಿಟ್ಟಿಸುತ್ತ, ಕತ್ತಿಗೆ ಮಫ್ಲರು ಸುತ್ತಿ ನಿಂತಿರುತ್ತಾರೆ. ಅಂಥ ಬೆಳಗ್ಗೆ ನಾನು ಕಾಫಿ ಕುಡಿಯುವುದಿಲ್ಲ. ನೇರ ರೈಸ್ ಸಂಪುಟ ಇಳಿಸಿ, ಧೂಳು ಹೊಡೆದು, ತಾಲೂಕು ಹಿಡಿದು, ರೈಸ್ ಊರ ಹೆಸರನ್ನು ಇಂಗ್ಲಿಷಿನಲ್ಲಿ ಯಾವ ಅವತಾರದಲ್ಲಿ ಬರೆದಿರಬಹುದೆಂದು ಊಹಿಸಿ ಹುಡುಕುತ್ತೇನೆ. ನೂರಾ ಇಪ್ಪತ್ತು ವರ್ಷದ ಹಿಂದೆಯೇ ಅಚ್ಚಾಗಿ ಕೂತಿರುತ್ತದೆ. ಆಗ ಹೊಟ್ಟೆಯಲ್ಲಿ ಒಂದು ತಂಪು ಇಳಿಯುತ್ತದೆ ನೋಡಿ, ಅದನ್ನು ಯಾವ ಮಜ್ಜಿಗೆಯೂ ಕೊಡಲಾರದು. ಆಮೇಲೆ ಕಾಫಿ.

ನ್ಯಾಯವಾಗಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಒಮ್ಮೆ ನಾನೂ ಒಂದು ‘ಅಪ್ರಕಟಿತ’ ಪ್ರಕಟಿಸಿದ್ದೆ. ಅದೂ ರೈಸ್ ಸಂಪುಟದಲ್ಲಿತ್ತು. ಅದನ್ನು ತೋರಿಸಿಕೊಟ್ಟವರು ಪ್ರಪ್ರಥಮರೇ, ಒಂದು ಅಡಿಟಿಪ್ಪಣಿಯಲ್ಲಿ, ನನ್ನ ಹೆಸರಿನ ಹಿಂದೆ ‘ಮಾನ್ಯ’ ಎಂದು ಸೇರಿಸಿ. ಆ ‘ಮಾನ್ಯ’ ಇನ್ನೂ ಚುಚ್ಚುತ್ತದೆ.

ಇಷ್ಟೆಲ್ಲ ಪೀಠಿಕೆ ಒಂದು ವೀರಗಲ್ಲಿಗಾಗಿ. ಊರು ಹೊಯ್ಸಳರ ಸೀಮೆಯದು. ಹೆಸರು ಹೇಳಿದರೆ ನಾಳೆ ಹಾರೆ ಹಿಡಿದು ಬಸ್ಸು ಹತ್ತುವವರಿದ್ದಾರೆ, ಹೇಳುವುದಿಲ್ಲ. ಹೊಲದ ಬದುವಿನಲ್ಲಿ ಎದೆಮಟ್ಟದ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗ, ಇತ್ತ ಸೂರ್ಯ, ಅತ್ತ ಚಂದ್ರ. ನಡುವಿನ ದಿಂಡಿನಲ್ಲಿ ಎರಡು ಸಾಲು ಬರಹ. ಊರ ತುರುಗಳನ್ನು ಕಳ್ಳರಿಂದ ಬಿಡಿಸಿ ತಂದು ಸತ್ತವನ ಸುದ್ದಿ. ಸತ್ತವನ ಹೆಸರು ಎರಡೇ ಅಕ್ಷರ. ಮೊದಲನೆಯದು ‘ಮಾ’, ಸ್ಪಷ್ಟ. ಎರಡನೆಯದು ಸಮಸ್ಯೆ. ಆ ಕಾಲದ ಲಿಪಿಯಲ್ಲಿ ಚಕಾರವೂ ವಕಾರವೂ ಅವಳಿ ಮಕ್ಕಳ ಹಾಗೆ; ಹೆತ್ತವರಿಗೇ ಗುರುತು ಹತ್ತದು. ಸಾಲದ್ದಕ್ಕೆ ಅಲ್ಲೇ ಸ್ವಲ್ಪ ಚಕ್ಕೆ ಎದ್ದಿದೆ. ನಾನು ‘ಮಾಚ’ ಎಂದು ಓದಿದೆ. ಸಹಜ, ಆ ಕಾಲದಲ್ಲಿ ಹೊಲಕ್ಕೊಬ್ಬ ಮಾಚನಿದ್ದ. ಪ್ರಪ್ರಥಮರು ‘ಮಾವ’ ಎಂದು ಓದಿದರು.

ಓದಿ ಸುಮ್ಮನಿದ್ದರೆ ಆಗುತ್ತಿತ್ತು. ಮಾವನಿದ್ದ ಮೇಲೆ ಅಳಿಯ ಇರಲೇಬೇಕಲ್ಲ. ಕಲ್ಲನ್ನು ನಿಲ್ಲಿಸಿದವನು ಅಳಿಯ ಎಂದು ಅವರು ಊಹಿಸಿದರು. ಮಗನಿರಲಿಲ್ಲವೇ ಎಂದು ಕೇಳಿಕೊಂಡು, ಇರಲಿಲ್ಲವೆಂದು ತಾವೇ ಉತ್ತರಿಸಿಕೊಂಡರು. ‘ಹೊಯ್ಸಳ ಸಮಾಜದಲ್ಲಿ ಅಳಿಯನ ಸ್ಥಾನಮಾನ: ಒಂದು ಹೊಸ ಬೆಳಕು’ ಎಂಬ ಪ್ರಬಂಧ ಬಂತು. ಮುಂದಿನ ವರ್ಷ ಅಳಿಯಸಂತಾನ ಪದ್ಧತಿ ಕರಾವಳಿಯಿಂದ ಘಟ್ಟ ಹತ್ತಿತ್ತು. ಅದರ ಮುಂದಿನ ವರ್ಷ ಮೂರು ದಿನದ ವಿಚಾರಸಂಕಿರಣ, ಊಟ ವಸತಿ ಸಮೇತ. ಒಂದು ಚಕ್ಕೆ ಎದ್ದ ಅಕ್ಷರದ ಮೇಲೆ ಅಷ್ಟು ಜನ ಊಟ ಮಾಡಿದ್ದು ನಾಡಿನ ಇತಿಹಾಸದಲ್ಲಿ ನಿಜಕ್ಕೂ ಪ್ರಪ್ರಥಮ.

ನಾನು ಸುಮ್ಮನಿರುತ್ತೇನೆಯೇ? ಸಂದೇಶಗಳಲ್ಲಿ ಕನ್ನಡಕ್ಕೆ ಮೂರು ಸಾವಿರ ವರ್ಷವಾದಾಗ ಸುಮ್ಮನಿದ್ದೆ. ಪಠ್ಯದಲ್ಲಿ ಅಜ್ಜಿ ಕಾಳು ಬೇಯಿಸುವಾಗ ಸುಮ್ಮನಿದ್ದೆ. ಮಾವ ಎಂದದ್ದಕ್ಕೆ ಮಾತ್ರ ಮೂರು ಗಂಟೆಯೊಳಗೆ ಉತ್ತರ ಬರೆದು ಸ್ಪೀಡ್ ಪೋಸ್ಟಿಗೆ ಹಾಕಿ ಬಂದೆ. ‘ಮಾಚ ನಾಮದ ಪ್ರಸಾರ: ಒಂದು ಪುನರ್ವಿಮರ್ಶೆ’. ಅವರು ‘ಪುನರ್ವಿಮರ್ಶೆಯ ವಿಮರ್ಶೆ’ ಬರೆದರು. ಏಳು ವರ್ಷ. ಅಷ್ಟೂ ಕಾಲ ಕಲ್ಲಿನ ಕಡೆ ಯಾರೂ ಮತ್ತೆ ಹೋಗಲಿಲ್ಲ. ಇಬ್ಬರ ಹತ್ತಿರವೂ ಪಡಿಯಚ್ಚು ಇತ್ತಲ್ಲ, ಜಗಳಕ್ಕೆ ಅದು ಸಾಕಾಗಿತ್ತು.

ನಮ್ಮ ಮನೆಯವಳು ಎಲ್ಲವನ್ನೂ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುವವಳು. ಒಂದು ದಿನ ಬೀನ್ಸು ಮುರಿಯುತ್ತ, ‘ರೀ, ಅವನು ಮಾಚನೇ ಅಂತ ಇಟ್ಕೊಳ್ಳಿ. ಮಾಚನಿಗೆ ಅಳಿಯ ಇರಬಾರದಾ?’ ಎಂದಳು. ಇದು ಏಳು ವರ್ಷದಲ್ಲಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ‘ನಿನಗೆ ಲಿಪಿಶಾಸ್ತ್ರ ಗೊತ್ತಾಗಲ್ಲ’ ಎಂದು ಎದ್ದು ಬಂದೆ.

ಈ ನಡುವೆ ಒಂದು ಪತ್ರಿಕೆಯ ಹುಡುಗ ಫೋನು ಮಾಡಿದ. ‘ಸಾರ್, ಶಾಸನದ ಕಲ್ಲುಗಳ ಕೆಳಗೆ ನಿಧಿ ಇದೆ ಅಂತ ಹಳ್ಳಿಗಳಲ್ಲಿ ಅಗೀತಿದಾರೆ. ಇರಲ್ಲ ಅಂತ ಸರಳವಾಗಿ ಮುನ್ನೂರು ಪದದಲ್ಲಿ ಬರೆದುಕೊಡಿ, ಭಾನುವಾರ ಹಾಕ್ತೀವಿ.’ ವಿಷಯ ಗಂಭೀರ. ಸೂರ್ಯ ಚಂದ್ರರನ್ನು ಕಲ್ಲಿನ ಮೇಲೆ ಕಡೆದದ್ದು ಅವರಿರುವಷ್ಟು ಕಾಲ ಈ ದಾನವೂ ಈ ಹೆಸರೂ ಇರಲಿ ಎಂದು. ಅಗೆಯುವವರು ಅದನ್ನು ನಕ್ಷೆ ಎಂದು ಓದುತ್ತಾರೆ: ಚಂದ್ರನ ಕೊಂಬು ತೋರಿದ ಕಡೆ ಮೂರು ಮಾರು, ದಾನಶಾಸನದ ಹಸುವಿನ ಮೂತಿ ಇದ್ದ ಕಡೆ ಏಳು ಮೊಳ. ನಮ್ಮ ಅಪ್ಸರೆಯರ ಬಗ್ಗೆ ಅವರದೊಂದು ಪಾಠಾಂತರವಿದೆ. ಆ ಇಬ್ಬರು ಹೆಂಗಸರು ಹೊತ್ತಿರುವುದು ವೀರನನ್ನಲ್ಲ, ಕೊಪ್ಪರಿಗೆಯನ್ನು. ಇದನ್ನೆಲ್ಲ ಬರೆಯುವುದಕ್ಕೆ ನಾನೇ ತಕ್ಕವನು ಎನ್ನಿಸಿ ಕೂತೆ. ಬರೆಯುತ್ತ ವೀರಗಲ್ಲಿನ ಉದಾಹರಣೆ ಬಂತು. ಉದಾಹರಣೆಯಲ್ಲಿ ಮಾಚ ಬಂದ. ಕಳಿಸುವಾಗ ಇಪ್ಪತ್ತೆರಡು ಪುಟ, ನಲವತ್ತಮೂರು ಅಡಿಟಿಪ್ಪಣಿ. ಅದರಲ್ಲಿ ಮೂವತ್ತೊಂದು ಪ್ರಪ್ರಥಮರಿಗೆ ಮೀಸಲು. ನಿಧಿಯಿಲ್ಲ ಎಂಬ ವಾಕ್ಯ ಹತ್ತೊಂಬತ್ತನೆಯ ಪುಟದಲ್ಲಿ, ಆವರಣದೊಳಗೆ. ಹುಡುಗ ಮತ್ತೆ ಫೋನು ಮಾಡಲಿಲ್ಲ. ಆ ಭಾನುವಾರ ಆ ಜಾಗದಲ್ಲಿ ಬೇಸಗೆಯಲ್ಲಿ ತ್ವಚೆಯ ಆರೈಕೆ ಬಂದಿತ್ತು.

ನಿಧಿ ಹುಡುಕುವವರನ್ನು ಬೈಯುವಾಗ ನನ್ನ ನಾಲಿಗೆ ಒಂದೇ ಕಡೆ ತಡವರಿಸುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರದ ಜಾಡು ಹಿಡಿದು ಬಂಡೆ ಹತ್ತಿದ. ಸಿಕ್ಕಿದ್ದು ಅಶೋಕ. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬಂಥ ಬಿರುದು ಮಾತ್ರ; ಆ ದೇವರ ಪ್ರಿಯ ಯಾರೆಂದು ಪಂಡಿತರು ಗ್ರಂಥ ತಿರುವಿ ಊಹಿಸಬೇಕಿತ್ತು. ಹೆಸರು ಹಿಡಿದು ಹೇಳಿದ್ದು ಮಸ್ಕಿ. ಅಂದರೆ ನಮ್ಮ ಶಾಸ್ತ್ರದ ಅತಿ ದೊಡ್ಡ ಹೆಸರು ಸಿಕ್ಕಿದ್ದು ಬಂಗಾರಕ್ಕೆ ಹೊರಟವನಿಗೆ. ಒಂದು ವ್ಯತ್ಯಾಸ ಇದೆ: ಅವನು ಬಂಡೆಯನ್ನು ಒಡೆಯಲಿಲ್ಲ.

ಹೊಲದ ಯಜಮಾನರಾದ ಗೌಡರು ಕಲ್ಲಿನ ಬಗ್ಗೆ ನನ್ನನ್ನು ಮೊದಲ ದಿನವೇ ಕೇಳಿದ್ದರು. ‘ಸಾಮಿ, ಇದ್ರಡಿ ಏನಾರ ಐತಾ?’

‘ಏನೂ ಇಲ್ಲ ಗೌಡರೇ.’

ಅದೇ ಪ್ರಶ್ನೆಯನ್ನು ಪ್ರಪ್ರಥಮರಿಗೂ ಕೇಳಿದರಂತೆ. ಅವರೂ ‘ಏನೂ ಇಲ್ಲ’ ಎಂದರಂತೆ. ಏಳು ವರ್ಷದಲ್ಲಿ ನಾವಿಬ್ಬರೂ ಒಮ್ಮತದಿಂದ ಹೇಳಿದ ಮಾತು ಅದೊಂದೇ. ಊರಿನವರು ನಂಬದ ಮಾತೂ ಅದೊಂದೇ.

ಹೋದ ಶ್ರಾವಣದಲ್ಲಿ ಗೌಡರ ಮಗನ ಫೋನು. ಅಮಾವಾಸ್ಯೆ ರಾತ್ರಿ ಯಾರೋ ಕಲ್ಲು ಕಿತ್ತಿದ್ದಾರೆ. ನಾನು ಹೋಗುವ ಹೊತ್ತಿಗೆ ಹೊಲದ ಬದುವಿನಲ್ಲಿ ಆಳುದ್ದ ಗುಂಡಿ. ಸುತ್ತ ಕುಂಕುಮ, ನಿಂಬೆಹಣ್ಣು, ಒಂದು ಸಿಗರೇಟು ಪ್ಯಾಕು. ಕಲ್ಲು ಮೂರು ತುಂಡು. ಗುಂಡಿಯ ಆಚೆ ದಡದಲ್ಲಿ ಮಫ್ಲರು ಸುತ್ತಿದ ಪ್ರಪ್ರಥಮರು. ಅವರಿಗೂ ಫೋನು ಹೋಗಿತ್ತು. ಅಂದು ಅವರು ದಿಗಂತ ನೋಡುತ್ತಿರಲಿಲ್ಲ.

ನಾನು ಗೌಡರ ಮೇಲೆ ಹರಿಹಾಯ್ದೆ. ‘ಏನೂ ಇಲ್ಲ ಅಂತ ಹೇಳಿರಲಿಲ್ಲವೇ? ಅವರೂ ಹೇಳಿದ್ದರಲ್ಲ?’

ಗೌಡರು ಬೀ‌ಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. ‘ಹೇಳಿದ್ರಿ ಸಾಮಿ, ಇಲ್ಲ ಅನ್ನಲ್ಲ. ಆದ್ರೆ ಊರಾಗೆ ಜನ ಏನಂದ್ರು ಗೊತ್ತಾ? ಇಬ್ರು ಓದಿದೋರು, ಮೈಸೂರಿನಾಗೆ ಕುಂತು, ಏಳು ವರ್ಷ ಒಂದು ಅಕ್ಸರಕ್ಕೆ ಹಿಂಗೆ ಹೊಡೆದಾಡ್ತಾರೆ ಅಂದ್ರೆ ಕೆಳಗೆ ಸುಮ್ಕೆ ಇರ್ತದಾ? ಆ ಅಕ್ಸರದಾಗೇ ಬೀಗದ ಕೈ ಐತೆ ಅಂದ್ರು. ನಿಮ್ಮಿಬ್ರ ಪುಸ್ತಕಾನೂ ತಂದಿದ್ರಂತೆ.’

ಗುಂಡಿಯ ಅಂಚಿನಲ್ಲಿ, ಒದ್ದೆ ಮಣ್ಣಿನಲ್ಲಿ, ‘ಮಾಚ ನಾಮದ ಪ್ರಸಾರ’ದ ಪ್ರತ್ಯೇಕ ಮುದ್ರಣ ಬಿದ್ದಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ಓದಿದ್ದಾರೆ. ಆ ಪ್ರಬಂಧವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ಪ್ರಪ್ರಥಮರು ಸ್ವಲ್ಪ ಹೊತ್ತು ಅತ್ತಿತ್ತ ಹುಡುಕಿದರು. ಅವರದು ಸಿಗಲಿಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ಹಿಗ್ಗಾಯಿತು.

ಆಮೇಲೆ ಇಬ್ಬರೂ ಮಾತಿಲ್ಲದೆ ಗುಂಡಿಗೆ ಇಳಿದೆವು. ಇಬ್ಬರಿಗೂ ಮಂಡಿ ನೋವು, ಒಬ್ಬರಿಗೊಬ್ಬರು ಕೈ ಕೊಡಲೇಬೇಕಾಯಿತು. ತುಂಡುಗಳನ್ನು ಎತ್ತಿಸಿ, ತೊಳೆಸಿ, ಬದುವಿನ ಮೇಲೆ ಜೋಡಿಸಿದೆವು. ಸೂರ್ಯ ಇದ್ದ, ಚಂದ್ರ ಇದ್ದ. ಒಬ್ಬಳು ಅಪ್ಸರೆ ಇದ್ದಳು. ಹಾರೆ ಬಿದ್ದದ್ದು ಬರಹದ ದಿಂಡಿಗೆ. ‘ಮಾ’ ಉಳಿದಿತ್ತು. ಅದರ ಮುಂದೆ ಅಂಗೈಯಗಲ ಕಲ್ಲು ಪುಡಿಯಾಗಿ ಮಣ್ಣಿನಲ್ಲಿ ಸೇರಿಹೋಗಿತ್ತು.

ಬಸ್ಸಿನಲ್ಲಿ ಒಟ್ಟಿಗೇ ಬಂದೆವು. ಶಾಸನದ ಕಲ್ಲುಗಳ ಕೆಳಗೆ ನಿಧಿಯಿಲ್ಲ ಎಂದು ಇಬ್ಬರೂ ಸೇರಿ ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಕರಡು ನನ್ನ ಮೇಜಿನ ಮೇಲಿದೆ. ಯಾರ ಹೆಸರು ಮೊದಲು ಬರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅವರು ಅಕಾರಾದಿ ಎನ್ನುತ್ತಾರೆ, ನಾನು ವಯಸ್ಸು ಎನ್ನುತ್ತೇನೆ. ಅದೊಂದು ಬಿಟ್ಟರೆ ಭಿನ್ನಾಭಿಪ್ರಾಯವಿಲ್ಲ. ಆ ವೀರಗಲ್ಲಿನ ಪಾಠವನ್ನು ಏಳು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ರೀತಿ ಬರೆದಿದ್ದೇವೆ. ಅಳಿದ ಅಕ್ಷರಕ್ಕೆ ಚುಕ್ಕಿ ಹಾಕುವುದು ನಮ್ಮಲ್ಲಿ ಪದ್ಧತಿ: ಮಾ . . .